ಮೀನಿನ ವಾಸನೆಗೆ ಸೋಡಾ ಅಲ್ಲ, ಹುಣಸೆ ಹುಳಿ

ಮಾನ್ಯ ಸಂಪಾದಕರೇ,

ವಂದನೆಗಳು. ಕಳೆದ ವಾರದ ನಿಮ್ಮ ಮಹಿಳಾ ಪುರವಣಿಯಲ್ಲಿ ಫ್ರಿಜ್, ಮಿಕ್ಸಿ, ಮೈಕ್ರೋವೇವ್‌ಗಳ ವಾಸನೆ ತೆಗೆಯುವುದು ಹೇಗೆ ಎಂದು ಹತ್ತು ಕಿವಿಮಾತುಗಳು ಬಂದಿದ್ದವು. ಮೂರನೆಯದನ್ನು ಓದಿ ಚಹಾದ ಲೋಟ ಕೆಳಗಿಟ್ಟೆ. ವಿನೆಗರನ್ನೂ ಅಡುಗೆ ಸೋಡಾವನ್ನೂ ಸಮ ಸಮ ಬೆರೆಸಿ, ಬಾಟಲಿಗೆ ತುಂಬಿ, ಮುಚ್ಚಳ ಹಾಕಿಟ್ಟು, ಬೇಕಾದಾಗ ಸಿಂಪಡಿಸಿ ಅಂತ ಅದರಲ್ಲಿತ್ತು.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ಎಂಟನೇ ತರಗತಿಯ ಮಕ್ಕಳಿಗೆ ಇದೇ ಎರಡು ವಸ್ತುಗಳನ್ನು ಬಾಟಲಿಗೆ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿ ತೋರಿಸುತ್ತಿದ್ದೆ. ಬಲೂನು ತಾನಾಗಿಯೇ ಉಬ್ಬುತ್ತದೆ. ಮಕ್ಕಳು ಕೇಕೆ ಹಾಕುತ್ತಾರೆ. ಒಳಗೆ ಹುಟ್ಟುವುದು ಕಾರ್ಬನ್ ಡೈಆಕ್ಸೈಡ್. ಬಲೂನಿನ ಬದಲು ಮುಚ್ಚಳ ಬಿಗಿ ಮಾಡಿಟ್ಟರೆ ಏನಾದೀತು ಎಂದು ಆ ಮಕ್ಕಳೇ ಹೇಳಿಯಾರು. ಸರಿ, ಮುಚ್ಚಳ ಹಾರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ನೊರೆ ಇಳಿದ ಮೇಲೆ ಬಾಟಲಿಯಲ್ಲಿ ಉಳಿಯುವುದೇನು? ಹುಳಿಯೂ ಅಲ್ಲ, ಸೋಡಾವೂ ಅಲ್ಲ. ಹೆಚ್ಚುಕಡಿಮೆ ಒಂದು ಬಗೆಯ ಉಪ್ಪುನೀರು. ಎರಡು ಒಳ್ಳೆಯ ಆಳುಗಳನ್ನು ಕರೆತಂದು, ಅವರಿಬ್ಬರನ್ನೇ ಜಗಳಕ್ಕೆ ಬಿಟ್ಟು, ಇಬ್ಬರೂ ಸುಸ್ತಾದ ಮೇಲೆ ಕೆಲಸಕ್ಕೆ ಹಚ್ಚಿದ ಹಾಗೆ.

ನಕ್ಕು ಸುಮ್ಮನಾಗುತ್ತಿದ್ದೆನೇನೋ. ಆದರೆ ಈ ಜೂನ್ ತಿಂಗಳಿನಲ್ಲಿ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆದಿದೆ. ಅದನ್ನು ಹೇಳಿದರೆ ನಾನೇಕೆ ಇಷ್ಟು ಉದ್ದ ಕಾಗದ ಬರೆಯುತ್ತಿದ್ದೇನೆ ಎಂದು ಗೊತ್ತಾಗುತ್ತದೆ.

ನಮ್ಮದು ಕುಂದಾಪುರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕಡಲು ಸ್ವಲ್ಪ ತಣ್ಣಗಿದ್ದ ದಿನ ನಾಡದೋಣಿಯವರು ತಂದದ್ದೇ ಮೀನು, ಹೇಳಿದ್ದೇ ರೇಟು. ಹಿಂದೆ ನಮ್ಮ ಅಮ್ಮ ಮಳೆಗಾಲಕ್ಕೆ ಒಣಮೀನು ಕಟ್ಟಿಡುತ್ತಿದ್ದರು. ನಾನು ಈಗಿನವಳು, ಫ್ರೀಜರ್ ಇರುವವಳು. ಮೇ 30ಕ್ಕೆ ಗಂಗೊಳ್ಳಿಯಿಂದ ಎರಡು ಕಿಲೋ ಬಂಗುಡೆ, ಒಂದು ಕಿಲೋ ಸಿಗಡಿ ತರಿಸಿ, ತೊಳೆದು, ಡಬ್ಬಿಗಳಿಗೆ ಹಾಕಿ ಫ್ರೀಜರ್ ತುಂಬಿಸಿದೆ. ಕೆಳಗೆ ದೋಸೆ ಹಿಟ್ಟು, ಅರ್ಧ ತೆಂಗಿನಕಾಯಿ, ಮಜ್ಜಿಗೆ.

ಜೂನ್ ಮೊದಲ ವಾರ ತೀರ್ಥಹಳ್ಳಿಯಲ್ಲಿ ಅಕ್ಕನ ಮೊಮ್ಮಗಳ ನಾಮಕರಣ. ಬಾಳೆಬರೆ ಘಾಟಿ ಹತ್ತಿ ಹೋದವರು ಮಳೆ ಜೋರಾಯಿತೆಂದು ಅಲ್ಲೇ ನಾಲ್ಕು ದಿನ ಉಳಿದೆವು. ಹೊರಡುವಾಗ ಬಾಗಿಲಿಗೆ ಬೀಗ ಹಾಕಿದವರು ನಮ್ಮ ಮನೆಯವರು. ಅವರಿಗೆ ಗುಡುಗು ಸಿಡಿಲೆಂದರೆ ಟಿವಿಯದೇ ಚಿಂತೆ. ಹಾಗಾಗಿ ಮೈನ್ ಸ್ವಿಚ್ಚನ್ನೇ ಕೆಳಗೆ ಮಾಡಿ ಬಂದಿದ್ದರು. ಟಿವಿ ಏನೋ ಉಳಿಯಿತು.

ಗೇಟು ತೆರೆಯುವಾಗಲೇ ವಾಸನೆ. ‘ಎಲ್ಲೋ ಇಲಿ ಸತ್ತಿರಬೇಕು’ ಎಂದರು. ನನಗೆ ಆಗಲೇ ಎದೆ ಧಸಕ್ಕೆಂದಿತು. ತುಂಬಿದ ಫ್ರೀಜರು ಬಾಗಿಲು ತೆರೆಯದಿದ್ದರೆ ಕರೆಂಟಿಲ್ಲದೆ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದರೆ ಒಂದು ದಿನ. ಕೆಳಗಿನ ಫ್ರಿಜ್‌ನಲ್ಲಿ ನಾಲ್ಕು ಗಂಟೆ. ನಮ್ಮದು ನಾಲ್ಕು ದಿನ! ಬಾಗಿಲು ತೆರೆದಾಗ ಕಂಡದ್ದನ್ನು ಬೆಳಿಗ್ಗೆ ತಿಂಡಿ ತಿನ್ನುತ್ತಾ ಪತ್ರಿಕೆ ಓದುವವರ ಮುಂದೆ ವಿವರಿಸುವುದಿಲ್ಲ.

ಮೀನನ್ನೆಲ್ಲ ತೆಂಗಿನ ಬುಡಕ್ಕೆ ಹೂತೆವು. ರಾತ್ರಿ ನಾಯಿಗಳು ಬಂದು ತೋಡಿ ಅಂಗಳವೆಲ್ಲ ಹರಡಿದವು. ಅದು ಬೇರೆ ಕತೆ.

ಫ್ರಿಜ್‌ನ ತಟ್ಟೆ, ಡಬ್ಬಿ, ಗಾಜು ಎಲ್ಲ ಹೊರಗೆ ತೆಗೆದು ಸಾಬೂನು ನೀರಿನಲ್ಲಿ ತೊಳೆದೆ. ಆಮೇಲೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಒಳಗೆಲ್ಲ ಒರೆಸಿದೆ. ಹುಳಿ ಮಜ್ಜಿಗೆಯ ಕಮಟು ಹೋಯಿತು. ಮೀನಿನ ವಾಸನೆ ಹಾಗೇ ಇತ್ತು. ಮರುದಿನ ಸೋಡಾ ಜಾಸ್ತಿ ಹಾಕಿ ಒರೆಸಿದೆ. ವಾಸನೆ ಜಾಸ್ತಿಯೇ ಆದ ಹಾಗೆ ಅನ್ನಿಸಿತು! ಮೂರನೇ ದಿನಕ್ಕೆ ಊರಿಡೀ ಸಲಹೆ. ಪಕ್ಕದ ಮನೆಯವರು ನುಸಿಗುಳಿಗೆ ಇಡಿ ಎಂದರು. ಮೈದುನನ ಮಗ ಕಾಫಿ ಪುಡಿ ಎಂದ. ಒಂದು ತಟ್ಟೆ ಕಾಫಿ ಪುಡಿ ಇಟ್ಟೆ ಕೂಡ. ಎರಡು ದಿನ ಕಾಫಿಯಲ್ಲಿ ಬೇಯಿಸಿದ ಬಂಗುಡೆಯ ವಾಸನೆ. ರಿಪೇರಿಯ ಹುಡುಗ ಬಾಗಿಲಿನಿಂದಲೇ ಮೂಗು ಮುಚ್ಚಿಕೊಂಡು, ‘ಟೀಚರೇ, ಹೊಸದು ತಗೊಂಡುಬಿಡಿ’ ಎಂದು ಹೊರಟ. ಅವನು ನನ್ನ ಶಿಷ್ಯನೇ. ಅದಕ್ಕೇ ಜಾಸ್ತಿ ಹೇಳಲಿಲ್ಲ.

ನುಸಿಗುಳಿಗೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ದಯವಿಟ್ಟು ಯಾರೂ ಅದನ್ನು ಫ್ರಿಜ್‌ನಲ್ಲಿ ಇಡಬೇಡಿ. ನ್ಯಾಫ್ತಲೀನ್ ವಿಷ. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಹೊಗೆ ತುಂಬಿಕೊಂಡು ಬೆಣ್ಣೆಗೆ, ಹಾಲಿಗೆ ಹತ್ತುತ್ತದೆ.

ಅಂದು ಸಂಜೆ ಫ್ರಿಜ್‌ನ ಎದುರು ಮಣೆ ಹಾಕಿ ಕೂತಿದ್ದೆ. ಇದ್ದಕ್ಕಿದ್ದಂತೆ ನನ್ನ ಮೇಲೆ ನನಗೇ ನಗು ಬಂತು. ಸಮುದ್ರದ ಮೀನು ಸತ್ತ ಮೇಲೆ ಅದರ ಮಾಂಸದಲ್ಲಿರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಒಡೆದು ಟ್ರೈಮೀಥೈಲಮೀನ್ ಮಾಡುತ್ತವೆ. ನಮ್ಮ ಮೂಗಿಗೆ ಮೀನು ಅಂತ ಬಡಿಯುವುದು ಅದೇ. ಹೊಳೆ ಮೀನಿನಲ್ಲಿ ಆ ವಸ್ತು ತೀರಾ ಕಡಿಮೆ. ಅದಕ್ಕೇ ಅದರ ವಾಸನೆ ಬೇರೆ. ಈ ಟ್ರೈಮೀಥೈಲಮೀನ್ ಆಮ್ಲವಲ್ಲ, ಪ್ರತ್ಯಾಮ್ಲ. ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುವ ಜಾತಿ. ಅಡುಗೆ ಸೋಡಾವೂ ಅದೇ ಜಾತಿ. ನಾನು ಮೂರು ದಿನದಿಂದ ಪ್ರತ್ಯಾಮ್ಲವನ್ನು ಪ್ರತ್ಯಾಮ್ಲದಿಂದ ತೊಳೆಯುತ್ತಾ ಇದ್ದೆ! ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾನೇ ಸೊನ್ನೆ ಕೊಡುತ್ತಿದ್ದೆ.

ಇದಕ್ಕೆ ಬೇಕಾದದ್ದು ಹುಳಿ. ಹುಳಿ ಸೇರಿದರೆ ಅದು ಉಪ್ಪಾಗಿ ಅಲ್ಲೇ ಕೂತುಬಿಡುತ್ತದೆ. ಗಾಳಿಗೆ ಹಾರಿ ಮೂಗಿಗೆ ಬರುವುದಿಲ್ಲ. ಮೀನು ಕೊಯ್ದ ಕೈಗೆ ಅಮ್ಮ ಹುಣಸೆ ಹಿಂಡಿದ ಚರಟ ಉಜ್ಜಿಕೊಳ್ಳುತ್ತಿದ್ದದ್ದು, ಹುರಿದ ಮೀನಿನ ಪಕ್ಕದಲ್ಲಿ ಲಿಂಬೆ ಹೋಳು ಇಡುವುದು, ಮೀನು ಸಾರಿಗೆ ಹುಳಿ ಮುಂದೆ ಮಾಡಿ ಹಾಕುವುದು, ಎಲ್ಲ ಇದೇ. ಅಮ್ಮ ಓದಿದ್ದು ನಾಲ್ಕನೇ ತರಗತಿ.

ಒಂದು ದೊಡ್ಡ ಲಿಂಬೆ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಹಳೆ ಪಂಚೆಯ ಬಟ್ಟೆಯಲ್ಲಿ ಸೋಸಿದೆ. ಸೋಸಲೇಬೇಕು. ಇಲ್ಲದಿದ್ದರೆ ಬಿಳಿ ಪ್ಲಾಸ್ಟಿಕ್ ಮೇಲೆ ಕಂದು ಕಲೆ, ಅಂಟು. ಆ ನೀರಿನಲ್ಲಿ ಒಳಗೆಲ್ಲ ಒರೆಸಿ, ಹತ್ತು ನಿಮಿಷ ಬಿಟ್ಟು, ಬರೀ ನೀರಿನಲ್ಲಿ ಎರಡು ಸಲ ಒರೆಸಿದೆ. ವಿನೆಗರ್ ಇದ್ದವರು ಅದನ್ನೇ ನೀರು ಬೆರೆಸಿ ಬಳಸಬಹುದು. ನಮ್ಮ ಮನೆಯಲ್ಲಿ ಇರಲಿಲ್ಲ, ಹುಣಸೆ ಭರಣಿ ತುಂಬ ಇತ್ತು. ಮುಕ್ಕಾಲು ಪಾಲು ವಾಸನೆ ಅಂದೇ ಹೋಯಿತು.

ಇನ್ನು ಉಳಿದ ಕಾಲು ಪಾಲು. ಒಳಗೆ ಮೂಗು ತೂರಿಸಿದರೆ ಏನೂ ಇಲ್ಲ. ಫ್ರಿಜ್ ಚಾಲೂ ಆಗಿ ಅರ್ಧ ಗಂಟೆಗೆ ಅಡುಗೆಮನೆಯಲ್ಲಿ ಮತ್ತೆ ಘಾಟು. ಇಲ್ಲಿ ನಿಮ್ಮ ಪುರವಣಿಯ ಹತ್ತು ಕಿವಿಮಾತುಗಳಲ್ಲಿ ಒಂದೂ ಹೇಳದ ಜಾಗ ಬರುತ್ತದೆ.

ಫ್ರಿಜ್‌ನ ಹಿಂದೆ, ಕೆಳಗಡೆ, ಕಂಪ್ರೆಸರ್ ಮೇಲೆ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ನಮ್ಮದರಂಥ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಒಳಗೆ ಕಟ್ಟಿದ ಮಂಜನ್ನು ಆಗಾಗ ಒಂದು ಹೀಟರ್ ಕರಗಿಸುತ್ತದೆ. ಆ ನೀರು ಹಿಂಗೋಡೆಯ ಒಂದು ತೂತಿನ ಮೂಲಕ, ಪೈಪಿನಲ್ಲಿ ಇಳಿದು, ಈ ತಟ್ಟೆಗೆ ಬೀಳುತ್ತದೆ. ಕಂಪ್ರೆಸರ್ ಬಿಸಿಗೆ ಆವಿಯಾಗಿ ಹೋಗುತ್ತದೆ. ಹಾಗಾಗಿ ಅದು ಇದೆ ಎನ್ನುವುದೇ ನಮಗೆ ಗೊತ್ತಾಗುವುದಿಲ್ಲ. ನಾಲ್ಕು ದಿನ ಕರಗಿದ ಬಂಗುಡೆಯ ನೀರು ಇಳಿದು ನಿಂತದ್ದು ಅಲ್ಲಿ! ಕಂಪ್ರೆಸರ್ ಬಿಸಿಯಾದಾಗಲೆಲ್ಲ ಅದು ಸಣ್ಣ ಉರಿಯಲ್ಲಿಟ್ಟ ಸಾರಿನ ಹಾಗೆ ಕಾಯುತ್ತಿತ್ತು.

ಪ್ಲಗ್ ಕಿತ್ತು, ಫ್ರಿಜ್ ಮುಂದಕ್ಕೆ ಎಳೆದೆವು. ಇಬ್ಬರು ಬೇಕು, ಒಬ್ಬರೇ ಎಳೆಯಬೇಡಿ. ಕೆಲವು ಫ್ರಿಜ್‌ಗಳಲ್ಲಿ ತಟ್ಟೆ ಎಳೆದರೆ ಬರುತ್ತದೆ. ನಮ್ಮದರಲ್ಲಿ ಬರಲಿಲ್ಲ. ಹಳೆ ಬನಿಯನ್ನಿನ ತುಂಡಿನಿಂದ ಹೀರಿಸಿ ತೆಗೆದೆವು, ಒರೆಸಿದೆವು, ಮತ್ತೆ ಹುಣಸೆ ನೀರು. ಆಮೇಲೆ ಒಳಗಿನ ತೂತಿಗೆ ಬೆಚ್ಚಗಿನ ಲಿಂಬೆ ನೀರನ್ನು ಮೊಮ್ಮಗನ ಔಷಧಿಯ ಸಿರಿಂಜ್‌ನಲ್ಲಿ ಮೆಲ್ಲ ಮೆಲ್ಲ ಬಿಟ್ಟೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ತಟ್ಟೆಗೆ ಇಳಿದ ನೀರಿನ ಬಣ್ಣ ನೋಡಿ ಮನೆಯವರು ಹಿತ್ತಲಿಗೆ ಹೋದರು. ನಾಲ್ಕು ಸಲ ಬಿಟ್ಟ ಮೇಲೆ ತಿಳಿ ಬಂತು.

ಇದರ ಜತೆಗೆ ಬಾಗಿಲಿನ ರಬ್ಬರು. ಅದರ ಮಡಿಕೆ ಬಿಡಿಸಿ ನೋಡಿದರೆ ಕಪ್ಪು ಬೂಷ್ಟು. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸಾಬೂನು ನೀರು ಹಚ್ಚಿ ಉಜ್ಜಿ, ಒಣ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಒರೆಸಿದ ಮೇಲೆ ಬಾಗಿಲಿಗೆ ಒಂದು ಹತ್ತರ ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ರಬ್ಬರು ಸಡಿಲವಾಗಿದೆ. ತಂಪು ಸೋರುತ್ತದೆ, ಕರೆಂಟ್ ಬಿಲ್ಲು ಏರುತ್ತದೆ.

ಕೊನೆಗೆ ಇದ್ದಿಲು. ಸೋಡಾದ ಪೊಟ್ಟಣ ತೆರೆದು ಫ್ರಿಜ್‌ನಲ್ಲಿಡುವ ಪದ್ಧತಿ ಈಗ ನಮ್ಮಲ್ಲೂ ಬಂದಿದೆ. ಅದು ಮನೆಮನೆಗೆ ಹರಡಿದ್ದು ಅಮೆರಿಕದಿಂದ. ಅಲ್ಲಿನ ಆರ್ಮ್ ಆ್ಯಂಡ್ ಹ್ಯಾಮರ್ ಎಂಬ ಸೋಡಾ ಕಂಪನಿ 1972ರಲ್ಲಿ ಹಾಗೆ ಜಾಹೀರಾತು ಕೊಟ್ಟಿತು. ಪೊಟ್ಟಣದ ಬಾಯಿಯಷ್ಟು ಜಾಗದಲ್ಲಿ ಗಾಳಿಗೆ ತಾಗುವ ಸೋಡಾ ಎಷ್ಟು? ಇಡುವುದಾದರೆ ಅಗಲ ತಟ್ಟೆಯಲ್ಲಿ ಹರಡಿ ಇಡಿ. ಅದೂ ಹುಳಿ ವಾಸನೆಗೆ ಮಾತ್ರ. ಇದ್ದಿಲಿಗೆ ಹಾಗೆ ಜಾತಿಭೇದ ಇಲ್ಲ. ಅದರ ಮೈ ತುಂಬ ಕಣ್ಣಿಗೆ ಕಾಣದ ತೂತು. ಫಿಲ್ಟರಿಗೆ ಹಾಕುವ ಸಕ್ರಿಯ ಇದ್ದಿಲಿನ ಒಂದು ಗ್ರಾಂ ತೆಗೆದುಕೊಂಡು ಆ ತೂತುಗಳ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ 500 ಚದರ ಮೀಟರಿಗಿಂತ ಜಾಸ್ತಿ. ಅಂಥ ಇದ್ದಿಲನ್ನು ತೆಂಗಿನ ಗೆರಟೆಯಿಂದಲೂ ಮಾಡುತ್ತಾರೆ. ನಮ್ಮ ಬಚ್ಚಲೊಲೆಯ ಗೆರಟೆ ಇದ್ದಿಲು ಅಷ್ಟು ಚುರುಕಲ್ಲ ನಿಜ. ಆದರೂ ಎರಡು ಹಿಡಿ ಪುಡಿ ಮಾಡಿ, ತಟ್ಟೆಯಲ್ಲಿ ಹರಡಿ, ಮೇಲೊಂದು ಕೆಳಗೊಂದು ಇಟ್ಟೆ. ಮೂರು ದಿನಕ್ಕೊಮ್ಮೆ ಬದಲಾಯಿಸಿದೆ. ಮನೆಗೆ ಬಂದ ಒಂಬತ್ತನೆಯ ದಿನ ಹಾಲು ಇಟ್ಟು ನೋಡಿದೆ. ಹಾಲಿಗೆ ಹಾಲಿನದೇ ವಾಸನೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಗೋಡೆಯೊಳಗಿನ ಫೋಮಿಗೆ ಮೀನಿನ ನೀರು ಇಳಿದಿದ್ದರೆ ಹುಣಸೆಯೂ ಇಲ್ಲ, ಇದ್ದಿಲೂ ಇಲ್ಲ. ಆಗ ನನ್ನ ಶಿಷ್ಯ ಹೇಳಿದ್ದೇ ಸರಿ.

ಈ ನಡುವೆ ಇನ್ನೊಂದು ನಡೆಯಿತು. ಅದನ್ನು ನೀವು ದಪ್ಪ ಅಕ್ಷರದಲ್ಲಿ ಹಾಕಿದರೂ ತಪ್ಪಿಲ್ಲ. ಮನೆಗೆಲಸಕ್ಕೆ ಬರುವ ಹೆಂಗಸು ಪಾಪ, ನೆಲಕ್ಕೆ ಚೆಲ್ಲಿದ ಮೀನಿನ ನೀರಿನ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿ, ವಾಸನೆ ಹೋಗಲಿಲ್ಲವೆಂದು ಅದರ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ ಸುರಿದಳು. ಕೆಮ್ಮು ಕೇಳಿ ಓಡಿಬಂದೆ. ಕಣ್ಣು ಉರಿ, ಗಂಟಲು ಉರಿ. ಅವಳ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ, ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟು ಒಂದು ಗಂಟೆ ಹೊರಗೇ ಕೂತೆವು. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಎದುರು ಪಡೆಯ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಪಾಠ ನನ್ನ ಅಡುಗೆಮನೆಗೇ ಬಂದು ನಿಂತಿತ್ತು. ಲಿಂಬೆ, ವಿನೆಗರ್, ಹುಣಸೆ ಯಾವುದೂ ಬ್ಲೀಚಿನ ಜತೆ ಬೇಡ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬೇಡ, ಅದರಿಂದ ಇನ್ನೊಂದು ವಿಷಗಾಳಿ. ನಿಮ್ಮ ಏಳನೇ ಕಿವಿಮಾತು ಸಿಂಕಿಗೆ ಬ್ಲೀಚ್ ಹಾಕಿ ಅನ್ನುತ್ತದೆ, ಎಂಟನೆಯದು ಅದೇ ಸಿಂಕಿಗೆ ಲಿಂಬೆ ಉಜ್ಜಿ ಅನ್ನುತ್ತದೆ. ಒಂದರ ಬೆನ್ನಿಗೆ ಒಂದು ಮಾಡಿದವರ ಗತಿ?

ಮಿಕ್ಸಿಯ ಮಾತು ಬೇಗ ಮುಗಿಸುತ್ತೇನೆ. ಜಾರಿನ ಒಳಗೆ ಎಷ್ಟು ತೊಳೆದರೂ ವಾಸನೆ ಅಂದರೆ ಅದು ಒಳಗಿನದಲ್ಲ. ಜಾರನ್ನು ಬೋರಲು ಹಾಕಿ ಅಡಿ ನೋಡಿ. ಬ್ಲೇಡಿನ ಕೆಳಗಿನ ವಾಷರ್ ಸವೆದಿದ್ದರೆ ಚಟ್ನಿಯ ನೀರು ಕೆಳಗೆ ಇಳಿದು ಕಪ್ಪಾಗಿ ಕಟ್ಟಿಕೊಂಡಿರುತ್ತದೆ. ತೆಂಗಿನಕಾಯಿಯ ಎಣ್ಣೆ ಹಳತಾದರೆ ಬರುವ ಆ ಕಮಟು ಆಮ್ಲದ್ದು. ಇಲ್ಲಿ ಸೋಡಾವೇ ಸರಿ. ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಬ್ರಷ್ಷಿನಲ್ಲಿ ಉಜ್ಜಿ, ಕೂಡಲೇ ತೊಳೆಯಿರಿ. ಅಲ್ಯೂಮಿನಿಯಂ ಭಾಗಗಳ ಮೇಲೆ ಸೋಡಾ ನಿಂತರೆ ಕಪ್ಪಾಗುತ್ತದೆ. ವಾಷರ್ ಹೊಸದು ಹಾಕಿಸಿದರೆ ಈ ರಗಳೆಯೇ ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯದ್ದು ಗಂಧಕದ ವಾಸನೆ. ಅದಕ್ಕೆ ಹುಳಿಯೂ ಸೋಡಾವೂ ಅಷ್ಟಕ್ಕಷ್ಟೆ. ತೊಳೆದು ಬಿಸಿಲಿಗೆ ಇಡಿ, ಮುಚ್ಚಳ ಹಾಕಬೇಡಿ. ಕುಕ್ಕರಿನ ರಬ್ಬರಿಗೂ ಇದೇ ಮಾತು. ಸಾಂಬಾರಿನ ವಾಸನೆ ಹಿಡಿದ ಗ್ಯಾಸ್ಕೆಟ್ಟನ್ನು ಮುಚ್ಚಳದೊಳಗೇ ಬಿಗಿದಿಟ್ಟರೆ ನಾಳಿನ ಪಾಯಸಕ್ಕೂ ಸಾಂಬಾರಿನ ಪರಿಮಳ.

ಬೆಂಗಳೂರಿನಲ್ಲಿರುವ ಮಗಳಿಗೆ ಬೇರೆಯೇ ತಾಪತ್ರಯ. ಅವಳ ಫ್ಲಾಟಿಗೆ ಬೋರ್‌ವೆಲ್ ನೀರು. ಕೆಟಲ್ ಒಳಗೆ ಸುಣ್ಣದ ಹಾಗೆ ಬಿಳಿ ಪದರ, ಚಹಾಕ್ಕೆ ಏನೋ ಒಂಥರ ರುಚಿ. ಸ್ಟೀಲ್ ನಾರು ಹಾಕಿ ತಿಕ್ಕುತ್ತಿದ್ದಳು. ಗಡಸು ನೀರು ಕುದಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಹೀಗೆ ಕಾರ್ಬೋನೇಟ್ ಆಗಿ ಕೂರುತ್ತದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲ ಒಂದು ಚಮಚ, ಅರ್ಧ ಕೆಟಲ್ ನೀರು, ಒಂದು ಕುದಿ, ಅರ್ಧ ಗಂಟೆ ಬಿಡು ಎಂದೆ. ಪದರ ತಾನಾಗಿ ಬಿಟ್ಟಿತು. ‘ಅಮ್ಮಾ, ಇದನ್ನು ಮೊದಲೇ ಹೇಳಬಾರದಿತ್ತಾ’ ಅಂದಳು. ಒಂಬತ್ತನೇ ತರಗತಿಯಲ್ಲಿ ಅವಳಿಗೆ ಪಾಠ ಮಾಡಿದವಳೂ ನಾನೇ, ಹೇಳಿದ್ದೆ.

ಮೈಕ್ರೋವೇವ್ ಬಗ್ಗೆ ನಿಮ್ಮಲ್ಲಿ ಬಂದದ್ದು ಸರಿಯಾಗಿಯೇ ಇದೆ. ಬಟ್ಟಲಲ್ಲಿ ನೀರು, ಲಿಂಬೆ ಹೋಳು, ಮೂರು ನಾಲ್ಕು ನಿಮಿಷ, ಆಮೇಲೆ ಐದು ನಿಮಿಷ ಬಾಗಿಲು ತೆರೆಯದೆ ಬಿಟ್ಟು ಒರೆಸುವುದು. ಒಂದೇ ಮಾತು ಸೇರಿಸಿ. ನುಣುಪಾದ ಬಟ್ಟಲಿನ ನೀರು ಕುದಿಯುವ ಬಿಸಿ ದಾಟಿದರೂ ಕೆಲವೊಮ್ಮೆ ಗುಳ್ಳೆ ಏಳದೆ ಸುಮ್ಮನಿದ್ದು, ಮುಟ್ಟಿದ ಕೂಡಲೇ ಉಕ್ಕಿ ಕೈಗೆ ಹಾರುತ್ತದೆ. ಒಂದು ಮರದ ಸೌಟು ಅದರಲ್ಲಿ ಇಟ್ಟಿರಬೇಕು.

ನನ್ನದು ಎರಡೇ ಕೋರಿಕೆ. ಮುಂದಿನ ವಾರದ ಪುರವಣಿಯಲ್ಲಿ ಮೂರನೇ ಕಿವಿಮಾತು ತಪ್ಪು, ಏಳು ಎಂಟನ್ನು ಒಟ್ಟಿಗೆ ಮಾಡಬಾರದು ಎಂದು ಎರಡು ಸಾಲು ಹಾಕಿ. ಮೊದಲು ಬಂದ ಜಾಗದಲ್ಲೇ ಹಾಕಿ, ಟೆಂಡರ್ ಪ್ರಕಟಣೆಗಳ ನಡುವೆ ಅಲ್ಲ. ಎರಡನೆಯದು, ಇಂಥ ಬರಹ ಬಂದಾಗ ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಕಚೇರಿಯಲ್ಲಿ ಯಾರಾದರೂ ಒಂದು ಸಲ ಮಾಡಿ ನೋಡಲಿ. ವಿನೆಗರ್, ಸೋಡಾ ಬಾಟಲಿಯನ್ನು ಮಾತ್ರ ಹೊರಗೆ, ಮೋಟಾರ್ ಸೈಕಲ್ ನಿಲ್ಲಿಸುವಲ್ಲಿ ಇಟ್ಟು ನೋಡಿ.

ಮೈನ್ ಸ್ವಿಚ್ಚಿನ ಮೇಲೆ ನಾನೀಗ ಒಂದು ಚೀಟಿ ಅಂಟಿಸಿದ್ದೇನೆ. ‘ಫ್ರಿಜ್ ಇದೆ’ ಅಂತ. ಟಿವಿಯ ಪ್ಲಗ್ ಕಿತ್ತರೆ ಸಾಕು ಎಂದು ಮನೆಯವರಿಗೆ ಒಪ್ಪಿಸಿಯಾಗಿದೆ. ಆಗಸ್ಟ್ 1ಕ್ಕೆ ರಜೆ ಮುಗಿಯುತ್ತದೆ, ಗಂಗೊಳ್ಳಿಯಲ್ಲಿ ಆಗಲೇ ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದಾರಂತೆ. ನಮ್ಮ ಫ್ರೀಜರ್ ಖಾಲಿ ಇದೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಕುಂದಾಪುರ